ಮಾಜಿ ಸೈನಿಕ ಪತ್ತೇದಾರನಾಗುವ ಕತ್ತಲೆ ಕಥೆಗೆ ದಾವಣಗೆರೆ ಒಗ್ಗುತ್ತದೆಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಯುದ್ಧ ಕಂಡು ಬಂದ ಸೈನಿಕನೊಬ್ಬ ಪತ್ತೇದಾರನಾಗಿ ಊರಿನ ಭ್ರಷ್ಟಾಚಾರಕ್ಕೆ ಎದುರು ನಿಲ್ಲುವ ನ್ವಾರ್ ಧಾಟಿಯ, ಅಂದರೆ ಅಪರಾಧ ಮತ್ತು ನೈತಿಕ ಕತ್ತಲೆಯ, ಕಾದಂಬರಿ ಬರೆಯುತ್ತಿದ್ದೀರಿ. ಊರು ದಾವಣಗೆರೆ. ರಾತ್ರಿ, ಮಳೆ, ರಿವಾಲ್ವರ್, ವಿಸ್ಕಿ ಎಲ್ಲವೂ ಇವೆ. ಆದರೂ ಓದಿದ ಸ್ನೇಹಿತರು ‘ಇದು ನಮ್ಮೂರಲ್ಲ’ ಎನ್ನುತ್ತಿದ್ದಾರೆ, ಏಕೆ?

ನಾನು ತೋಪಖಾನೆಯಲ್ಲಿದ್ದವನು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ದೆ. ನಿವೃತ್ತನಾಗಿ ಊರು ಸೇರಿದ ಮೇಲೆ ರೈತರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುತ್ತಾ, ಬಂದ ಕಾಗದಗಳನ್ನು ಓದಿ ಹೇಳುತ್ತಾ ಅರೆಬರೆ ಪತ್ತೇದಾರನಾಗಿದ್ದೇನೆ. ನಿಮ್ಮ ನಾಯಕನ ದೂರದ ನೆಂಟ ಎಂದುಕೊಳ್ಳಿ.

ಮೊದಲು ಆ ಮಳೆಯನ್ನು ತೆಗೆಯಿರಿ. ನಮ್ಮದು ಬಯಲುಸೀಮೆಯ ಅಂಚು. ಇಲ್ಲಿನ ಬದುಕು ನಿಂತಿರುವುದು ಭದ್ರಾ ನಾಲೆಯ ಮೇಲೆ. ನಗರಕ್ಕೆ ಕುಡಿಯಲು ಕೊಡುವ ಕುಂದವಾಡ ಕೆರೆಗೂ ಟಿ.ವಿ. ಸ್ಟೇಷನ್ ಕೆರೆಗೂ ಅದೇ ನೀರು. ಭದ್ರಾ ಅಣೆಕಟ್ಟೆಯ ಮಟ್ಟ ಪೂರ್ತಿ ತುಂಬುವ 186 ಅಡಿ ಮುಟ್ಟಿತೇ ಇಲ್ಲವೇ ಎಂಬುದನ್ನು ಮಂಡಿಪೇಟೆಯ ವರ್ತಕನೂ ದಿನಾ ಪತ್ರಿಕೆಯಲ್ಲಿ ನೋಡುತ್ತಾನೆ, ಏಕೆಂದರೆ ಭತ್ತ ಬಂದರಷ್ಟೇ ಅವನ ವ್ಯಾಪಾರ. ಇಂಥ ಊರಿನಲ್ಲಿ ಹಣವೂ ಜಗಳವೂ ನೀರಿನ ದಾರಿಯಲ್ಲೇ ಹರಿಯುತ್ತವೆ.

ಹಾಗೆ ನೋಡಿದರೆ ಈ ಬಗೆಯ ಕಥೆಗಳ ತವರು ಎನ್ನಿಸಿಕೊಂಡ ಲಾಸ್ ಏಂಜಲೀಸ್ ಕೂಡ ನೀರಿನಿಂದ ಬೆಳೆದ ನಗರವೇ. ಮುನ್ನೂರು ಕಿಲೋಮೀಟರಿಗೂ ದೂರದ ಓವೆನ್ಸ್ ಕಣಿವೆಯಿಂದ 1913ರಲ್ಲಿ ಕಾಲುವೆಯಲ್ಲಿ ನೀರು ತಂದರು. ತಮ್ಮ ಹೊಲ ಒಣಗಿತೆಂದು ಅಲ್ಲಿನ ರೈತರು 1924ರಲ್ಲಿ ಆ ಕಾಲುವೆಗೆ ಡೈನಮೈಟ್ ಇಟ್ಟರು. ಹರಿಹರ ತಾಲ್ಲೂಕಿನಲ್ಲಿ ನಾಲೆಯ ಕೊನೆ ಭಾಗದ ರೈತನಿಗೆ ಈ ಸುದ್ದಿ ಓದಿ ಹೇಳಿದರೆ ‘ಇಷ್ಟೇನಾ?’ ಎಂದಾನು. ಮೇಲ್ಭಾಗದಲ್ಲಿ ಅಡಿಕೆ ತೋಟಗಳಿಗೆ ಅನಧಿಕೃತ ಪಂಪ್‌ಸೆಟ್ ಹಚ್ಚಿ ನೀರೆತ್ತುವುದು, ಕೊನೆ ಭಾಗದ ಗದ್ದೆ ಬಿರುಕು ಬಿಡುವುದು, ನಾಲೆಯ ಏರಿಯ ಮೇಲೆ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸುವುದು, ಇವೆಲ್ಲ ನಮಗೆ ಮಾಮೂಲು. ನಗರದ ಕತ್ತಲೆಯನ್ನು ಅಶೋಕ ಟಾಕೀಸಿನ ಹಿಂದಿನ ಗಲ್ಲಿಯಲ್ಲಿ ಹುಡುಕಬೇಡಿ. ಹಾಡುಹಗಲಿನಲ್ಲಿ ನಾಲೆಯೊಳಗೆ ಇಳಿದು ನೋಡಿ.

ಅಲ್ಲಿ ನಿಮ್ಮ ಕಥೆಗೆ ಒದಗುವ ಅಪರಾಧ ಹೂಳೆತ್ತುವ ಕಾಮಗಾರಿ. ನಾಲೆಗೆ ನೀರು ನಿಂತ ಅವಧಿಯಲ್ಲಿ ಹೂಳು, ಜೊಂಡು ತೆಗೆಯಬೇಕು. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ತೆಗೆದರೆಂದು ಇಂಜಿನಿಯರ್ ಅಳತೆ ಪುಸ್ತಕದಲ್ಲಿ, ಅಂದರೆ ಎಲ್ಲರೂ ‘ಎಂ.ಬಿ.’ ಎನ್ನುವ ಪುಸ್ತಕದಲ್ಲಿ ಬರೆಯಬೇಕು. ಬಿಲ್ ಆಗುವುದು ಆ ಪುಸ್ತಕದ ಆಧಾರದ ಮೇಲೆ. ಇಡೀ ಕೆಲಸವನ್ನು ಟೆಂಡರ್ ಕರೆಯಬೇಕಾದ ಮೊತ್ತಕ್ಕಿಂತ ಕೆಳಗೆ ಬರುವಂತೆ ಸಣ್ಣಸಣ್ಣದಾಗಿ ಒಡೆದು ತುಂಡು ಗುತ್ತಿಗೆ ಮಾಡಿದರೆ ಕೇಳುವವರು ಇನ್ನೂ ಕಡಿಮೆ. ಈಗ ಅರ್ಧ ಅಡಿ ಕೆರೆದು ಎರಡು ಅಡಿ ಎಂದು ಬರೆದರು ಎಂದಿಟ್ಟುಕೊಳ್ಳಿ. ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ, ದಿನ ಗೊತ್ತಾಗುತ್ತದೆ, ತೂಬು ಎತ್ತುತ್ತಾರೆ. ಸಾಕ್ಷ್ಯದ ಮೇಲೆ ಆಳೆತ್ತರ ನೀರು! ರೈತರು ಕಾಯಿ ಒಡೆದು ಕೈ ಮುಗಿಯುತ್ತಾರೆ. ಇದಕ್ಕಿಂತ ಅಂದವಾಗಿ ಹೆಣ ಮುಚ್ಚಿದ ಕಥೆಯನ್ನು ನಾನು ಓದಿಲ್ಲ.

ಕಾಲದ ಒತ್ತಡವೂ ತಾನಾಗಿಯೇ ಸಿಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ. ಉತ್ತರಕ್ಕೆ 30 ದಿನ. ಆಮೇಲೆ ಮೊದಲ ಮೇಲ್ಮನವಿ, ಅದಾದ ಮೇಲೆ ಮಾಹಿತಿ ಆಯೋಗ. ಅಷ್ಟರಲ್ಲಿ ನೀರು ಬಂದು, ಭತ್ತ ನಾಟಿಯಾಗಿ, ಕೊಯ್ಲೂ ಮುಗಿದಿರುತ್ತದೆ. ಆದರೆ ಅದೇ 2005ರ ಕಾಯ್ದೆ ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಬಳಸಿದ ವಸ್ತುವಿನ ಮಾದರಿ ಕೇಳುವ ಹಕ್ಕನ್ನೂ ಕೊಟ್ಟಿದೆ. ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ.

ಸೈನಿಕನ ವಿದ್ಯೆ ಉಪಯೋಗಕ್ಕೆ ಬರುವುದು ಇಲ್ಲಿ. ನಿಮ್ಮ ನಾಯಕ ಒಂದೇ ಏಟಿಗೆ ನಾಲ್ವರನ್ನು ಕೆಡವುವುದನ್ನು ಬಿಟ್ಟುಬಿಡಿ. ತೋಪಖಾನೆಯಲ್ಲಿ ವೀಕ್ಷಣಾ ಠಾಣೆ ಎಂದು ಇರುತ್ತದೆ. ಅಲ್ಲಿ ಕುಳಿತವನು ಗುಂಡು ಹಾರಿಸುವವನಲ್ಲ. ನೋಡುವವನು, ಗಂಟೆ ನಿಮಿಷ ಹಾಕಿ ಬರೆಯುವವನು, ದೂರ ಮತ್ತು ದಿಕ್ಕು ಹೇಳುವವನು. ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವೆ ಗೆರೆ ಎಳೆಯದಿದ್ದರೆ ನಮ್ಮವರ ಮೇಲೆಯೇ ಗುಂಡು ಬೀಳುತ್ತದೆ. ಆ ಶಿಸ್ತು ಇದ್ದವನು ಟೇಪು ಹಿಡಿದು ನಾಲೆಗೆ ಇಳಿದರೆ ಗುತ್ತಿಗೆದಾರ ನಿಜಕ್ಕೂ ಹೆದರುತ್ತಾನೆ. ರಿವಾಲ್ವರ್ ಬೇಡವೇ ಬೇಡ. ಸೇನೆಯ ಆಯುಧ ಸೇನೆಯಲ್ಲೇ ಉಳಿಯುತ್ತದೆ, ಊರಿನಲ್ಲಿ ಪರವಾನಗಿಗೆ ಅವನೂ ಎಲ್ಲರಂತೆ ಅರ್ಜಿ ಹಾಕಬೇಕು.

ನಿಮ್ಮ ಕಥೆಯ ದೊಡ್ಡ ದೋಷ ಬೇರೆಯೇ ಇದೆ. ಸೇನೆ ಎಂಬ ಶುದ್ಧ ಲೋಕದಿಂದ ಬಂದವನು ಕೊಳಕು ಊರನ್ನು ತೊಳೆಯುತ್ತಾನೆ ಎಂಬ ಎಣಿಕೆ. ದ್ರಾಸ್‌ನಲ್ಲಿ ನಮ್ಮ ಪ್ರಾಣ ಉಳಿಸಿದ್ದು 155 ಮಿ.ಮೀ. ಬೊಫೋರ್ಸ್ ತೋಪು. ಆ 410 ತೋಪುಗಳ ಒಪ್ಪಂದವಾದದ್ದು 1986ರಲ್ಲಿ. ಅದರಲ್ಲಿ ಲಂಚ ಹರಿದಿದೆ ಎಂದು ಸ್ವೀಡನ್ ರೇಡಿಯೊ ಹೇಳಿದ್ದು ಮರುವರ್ಷ. ಆ ಗದ್ದಲದಲ್ಲಿ ಒಂದು ಸರ್ಕಾರವೇ ಹೋಯಿತು, ನಮ್ಮ ದೇಶದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ, ತೋಪು ಮಾತ್ರ ಚೆನ್ನಾಗಿಯೇ ಹೊಡೆಯಿತು. ಈ ಮೂರನ್ನೂ ಒಟ್ಟಿಗೆ ನುಂಗಿಕೊಂಡು ಬದುಕುವವನು ನಿಮ್ಮ ನಾಯಕನಾಗಲಿ.

ವಿಸ್ಕಿ ಕುರಿತೂ ಒಂದು ಮಾತು. ನಮ್ಮವನು ಬಾರ್‌ನಲ್ಲಿ ಒಂಟಿಯಾಗಿ ಕೂರುವುದಿಲ್ಲ. ಅವನಿಗೆ ಮಿಲಿಟರಿ ಕ್ಯಾಂಟೀನಿನ ರಮ್ ಇದೆ, ಅದು ಇಡೀ ಓಣಿಗೆ ಗೊತ್ತಿದೆ. ಕಚೇರಿಗೆ ಹೋದರೆ ಗುಮಾಸ್ತ ಫೈಲ್ ಎತ್ತುವ ಮೊದಲು ‘ಸಾರ್, ಈ ತಿಂಗಳ ಕೋಟಾ ಬಂತೇ?’ ಎನ್ನುತ್ತಾನೆ. ಕಾನೂನಿನ ಕಣ್ಣಿಗೆ ಆ ಬಾಟಲಿಯೂ ಲಂಚವೇ. ಕೊಟ್ಟರೆ ಎಂ.ಬಿ. ಪುಸ್ತಕದ ನಕಲು ಇವತ್ತೇ ಸಿಗುತ್ತದೆ, ಕೊಡದಿದ್ದರೆ 30 ದಿನ. ನಾನು ಕೊಟ್ಟೆನೋ ಇಲ್ಲವೋ ಎಂಬುದು ನಿಮ್ಮ ಪ್ರಶ್ನೆಯಲ್ಲಿಲ್ಲ.

ಪತ್ತೇದಾರನ ಫಲಕ, ಪರವಾನಗಿ ಇತ್ಯಾದಿ ಬೇಕಿಲ್ಲ. ಖಾಸಗಿ ಪತ್ತೇದಾರರನ್ನು ನಿಯಂತ್ರಿಸುವ ಮಸೂದೆ 2007ರಲ್ಲಿ ಬಂದಿತ್ತು, ಕಾಯ್ದೆಯಾಗಲಿಲ್ಲ. ಯಾರು ಬೇಕಾದರೂ ಪತ್ತೇದಾರರೇ, ಯಾರಿಗೂ ಅಧಿಕಾರವಿಲ್ಲ.

ಕೊನೆಯ ಅಧ್ಯಾಯದಲ್ಲಿ ನಾಯಕ ಖಳನ ಕೈಗೆ ಬೇಡಿ ತೊಡಿಸುತ್ತಾನೆ ಎಂದು ಬರೆದಿದ್ದೀರಿ. ನಿಜದಲ್ಲಿ ಅವನು ಬರೀ ದೂರುದಾರ. ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) 2016ರಲ್ಲಿ ಹುಟ್ಟಿ 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ತೀರ್ಪಿನಿಂದ ಹೋಯಿತು. ಈಗ ಮತ್ತೆ ಲೋಕಾಯುಕ್ತ ಪೊಲೀಸರೇ. ಅವರ ಬಲೆ ಸರಳ: ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿ ಕೊಡುತ್ತಾರೆ, ಪಂಚರ ಎದುರು ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿಸುತ್ತಾರೆ, ನೀರು ಗುಲಾಬಿಯಾಗುತ್ತದೆ. ಹೀಗೆ ಸ್ಥಳದಲ್ಲೇ ಹಿಡಿಯಲು ಯಾರ ಅನುಮತಿಯೂ ಬೇಡ. ಆದರೆ ಮೇಲಿನವರು ಕೈಗೊಂಡ ತೀರ್ಮಾನದ ತನಿಖೆಗೆ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಸೇರಿಸಿದ 17ಎ ಕಲಂ ಪ್ರಕಾರ ಪೂರ್ವಾನುಮತಿ ಬೇಕು. ಹಾಗಾಗಿ ಐದು ಸಾವಿರ ಕೇಳಿದ ಗುಮಾಸ್ತ ಸಂಜೆಯೊಳಗೆ ಸಿಕ್ಕಿಬೀಳುತ್ತಾನೆ, ಅಳತೆ ಪುಸ್ತಕದಲ್ಲಿ ಕೋಟಿ ನುಂಗಿದವರ ಫೈಲ್ ಅನುಮತಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ನಿಮ್ಮ ನಾಯಕನ ಕೈಯಲ್ಲಿ ಮೊದಲನೆಯದಕ್ಕೆ ಬೇಕಾದ ಎಲ್ಲವೂ ಇರಲಿ, ಆ ಗುಮಾಸ್ತನೇ ಅವನಿಗೆ ಎರಡನೆಯದರ ಕಾಗದ ತಂದುಕೊಟ್ಟವನಾಗಿರಲಿ. ಆಗ ಅವನೇನು ಮಾಡುತ್ತಾನೆಂದು ನೀವು ಬರೆಯಿರಿ.

ಊರು ನೋಡಲು ಬರುವುದಾದರೆ ಬೇಸಿಗೆ ಬೆಳೆಗೆ ನೀರು ಬಿಡುವ ಮೊದಲು ಬನ್ನಿ. ನಾಲೆಯ ನೀರು ಹಂಚುವ ನೀರಗಂಟಿಯೊಬ್ಬರನ್ನು ಪರಿಚಯಿಸುತ್ತೇನೆ, ಇಂಜಿನಿಯರಿಗೆ ಗೊತ್ತಿಲ್ಲದ ತೂಬುಗಳೂ ಅವರಿಗೆ ಗೊತ್ತು. ಟೇಪು ನನ್ನ ಬಳಿಯೇ ಇದೆ.