ಜರ್ಮನಿಯಲ್ಲಿ ಅನ್ನ ಕಡಿಮೆ ಮಾಡುವುದು: ಸ್ಟುಟ್‌ಗಾರ್ಟ್ ತಮ್ಮನಿಗೆ ಉತ್ತರ

ತಮ್ಮಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ ಅನ್ನಿಸಿತು, ಅದಕ್ಕೆ ಇವತ್ತು ಕೂತು ಬರೆಯುತ್ತಿದ್ದೇನೆ. ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಗಿದೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.1 ಬಂದಿದೆ, ಕಾರ್ಬ್, ಅಂದರೆ ಅನ್ನ, ಹಿಟ್ಟು, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್, ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ ಅಂದಿರಿ. ಮೊಟ್ಟೆ ತಿನ್ನುತ್ತೀರಿ, ಮಾಂಸ ಇಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಬರೀ ನೂಡಲ್ಸ್, ಆಲೂಗಡ್ಡೆ. ಮನೆಯಲ್ಲಿ ಅನ್ನ ಬಿಟ್ಟರೆ ಹೊಟ್ಟೆ ತುಂಬುವುದಿಲ್ಲ. ಊರಿಂದ ಮೂರು ತಿಂಗಳಿಗೆ ಬಂದಿರುವ ತಂದೆಯವರಿಗೂ ಇದೇ ಊಟ ಕೊಡಬಹುದಾ ಅಂತಲೂ ಕೇಳಿದ್ದೀರಿ. ಕೊನೆಗೆ ತಾಜಾ ಕರಿಬೇವು ಎಲ್ಲಿ ಸಿಗುತ್ತದೆ ಅನ್ನುವ ಪ್ರಶ್ನೆ.

ನಾನು ಮಾನ್‌ಹೈಮ್‌ನಲ್ಲಿ 14 ವರ್ಷದಿಂದ ಇದ್ದೇನೆ. ನಾಲ್ಕು ವರ್ಷದ ಹಿಂದೆ ನನಗೂ 6.3 ಬಂದಿತ್ತು. ಈಗ 5.6ರ ಹತ್ತಿರ ನಿಂತಿದೆ. ನಾನು ಡಾಕ್ಟರ್ ಅಲ್ಲ, ಅಡುಗೆಮನೆಯಲ್ಲಿ ಕಲಿತದ್ದನ್ನು ಹೇಳುತ್ತೇನೆ.

ತಂದೆಯವರ ವಿಷಯ ಮೊದಲು. ಶುಗರ್ ಮಾತ್ರೆ ತಗೊಳ್ಳುತ್ತಾರೆ ಅಂದಿರಿ, ಯಾವ ಮಾತ್ರೆ ಅಂತ ಬರೆದಿಲ್ಲ. ದಯವಿಟ್ಟು ಇವತ್ತೇ ಪಟ್ಟಿ ತೆಗೆದು ನೋಡಿ. ಗ್ಲಿಮೆಪಿರೈಡ್ ಥರದ ಮಾತ್ರೆ, ಹೊಟ್ಟೆಗೆ ಎಷ್ಟು ಹೋಗಿದೆ ಅಂತ ನೋಡದೆ ಇನ್ಸುಲಿನ್ ಬಿಡಿಸುತ್ತದೆ. ಅನ್ನ ಅರ್ಧ ಮಾಡಿ ಮಾತ್ರೆ ಅಷ್ಟೇ ಇಟ್ಟರೆ ಶುಗರ್ ತೀರಾ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಬರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಭಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಅಪಾಯ ಬೇರೆ ಥರ. ಕಾರ್ಬ್ ತುಂಬಾ ಇಳಿಸಿದರೆ ರಕ್ತದಲ್ಲಿ ಕೀಟೋನ್ (ಮೈಯ ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಿ ಜೀವಕ್ಕೇ ಕುತ್ತು ಬರಬಹುದು, ಆಗಲೂ ಮೀಟರಿನಲ್ಲಿ ಶುಗರ್ ಹೆಚ್ಚೇನೂ ಕಾಣದೇ ಇರಬಹುದು. ಮೆಟ್‌ಫಾರ್ಮಿನ್ ಒಂದೇ ಆದರೆ ಈ ಹೆದರಿಕೆ ಕಡಿಮೆ. ಏನೇ ಇರಲಿ, ಊರಿನ ಡಾಕ್ಟರಿಗೆ ಫೋನ್ ಮಾಡಿ ಕೇಳುವ ತನಕ ಅವರ ಊಟ ಹಾಗೇ ನಡೆಯಲಿ. ಒಂದೇ ಪಾತ್ರೆಯಿಂದ ಬಡಿಸಿ, ಅವರಿಗೆ ಅನ್ನ ಅವರ ಅಳತೆಯಲ್ಲೇ ಕೊಡಿ.

ಇನ್ನು ನಿಮ್ಮ ರಿಪೋರ್ಟ್. ಅದರಲ್ಲಿ 43 ಅಂತಲೂ ಇದೆ, ಗಾಬರಿಯಾಯಿತು ಅಂದಿರಿ. ಅದು 6.1 ಶೇಕಡಾವನ್ನೇ ಬೇರೆ ಅಳತೆಯಲ್ಲಿ ಬರೆದದ್ದು. ಇಲ್ಲಿನ ಲ್ಯಾಬ್‌ಗಳು ಸಾಮಾನ್ಯವಾಗಿ ಎರಡನ್ನೂ ಕೊಡುತ್ತವೆ. 6.5 ಅಂದರೆ 48. ಅಲ್ಲಿಂದ ಮೇಲೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ನೀವು ಅದರ ಹಿಂದಿನ ಮೆಟ್ಟಿಲಲ್ಲಿ ಇದ್ದೀರಿ, ಕೈ ಮೀರಿಲ್ಲ. ವಯಸ್ಸಾದ ಡಾಕ್ಟರ್ ಯಾರಾದರೂ ಬಿಇ ಲೆಕ್ಕದಲ್ಲಿ ಮಾತಾಡಿದರೆ ಅದು ಬ್ರೋಟ್‌ಐನ್‌ಹೈಟ್. ಬ್ರೆಡ್ಡಿನ ಅಳತೆ ಅಂತ ಅರ್ಥ, ಒಂದು ಬಿಇ ಅಂದರೆ 12 ಗ್ರಾಂ ಕಾರ್ಬ್. ಮುಂದೆ ಯಾವಾಗಲಾದರೂ ಲೈಪ್‌ಜಿಗ್, ಡ್ರೆಸ್ಡನ್ ಕಡೆ ಹೋದರೆ ಅಲ್ಲಿ ರಕ್ತದ ಸಕ್ಕರೆಯನ್ನು ಮಿಲಿಮೋಲ್‌ನಲ್ಲಿ ಹೇಳುತ್ತಾರೆ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಬರುತ್ತದೆ.

ನಿಮಗೆ ಕೀಟೋ ಬೇಡ ಅನ್ನುವುದು ನನ್ನ ಅಭಿಪ್ರಾಯ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಆದರೆ ಅದೇ ಲೋ ಕಾರ್ಬ್. 50ಕ್ಕಿಂತ ಕೆಳಗೆ ಹೋದರೆ ಕೀಟೋ. ಬೇಳೆ, ಮೊಸರು ಬಿಡದ ಸಸ್ಯಾಹಾರಿಗೆ 50ರ ಒಳಗೆ ಇರುವುದು ತುಂಬಾ ಕಷ್ಟ. ಎರಡು ವಾರ ಹಿಡಿದು ಮೂರನೇ ವಾರ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. 90ರಿಂದ 110ರ ನಡುವೆ ಇದ್ದರೆ ವರ್ಷಗಟ್ಟಲೆ ನಡೆಯುತ್ತದೆ.

ಈಗಿನ ಊಟದ ಲೆಕ್ಕ ನೋಡಿ. ಬೆಂದ ಅನ್ನ 100 ಗ್ರಾಂಗೆ ಸುಮಾರು 28 ಗ್ರಾಂ ಕಾರ್ಬ್. ಹಸಿವಾದಾಗ ನಾವು ಬಡಿಸಿಕೊಳ್ಳುವುದು 300 ಗ್ರಾಂ. ಒಂದೇ ಊಟಕ್ಕೆ 84 ಆಯಿತಲ್ವಾ? ರಾಗಿ ತಿಂದರೆ ಶುಗರ್ ಏರುವುದಿಲ್ಲ ಅಂತ ನಮ್ಮ ತುಮಕೂರು ಕಡೆ ಎಲ್ಲರೂ ನಂಬುತ್ತಾರೆ, ನಾನೂ ನಂಬಿದ್ದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಅದು ಸರಿ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲೂ 65 ಗ್ರಾಂ ಮೇಲೆ ಕಾರ್ಬ್ ಇದೆ. ದೊಡ್ಡ ಮುದ್ದೆ ಒಂದು ತಿಂದರೆ ದಿನದ ಅರ್ಧ ಪಾಲು ಮುಗಿಯಿತು. 40 ಗ್ರಾಂ ಹಿಟ್ಟಿನಲ್ಲಿ ನಿಂಬೆಹಣ್ಣಿನಷ್ಟಕ್ಕಿಂತ ಸ್ವಲ್ಪ ದೊಡ್ಡ ಮುದ್ದೆ ಕಟ್ಟಿ, ವಾರಕ್ಕೆ ಎರಡು ಸಲ, ಬಸ್ಸಾರಿನ ಜೊತೆ ಧಾರಾಳವಾಗಿ ತಿನ್ನಿ.

ನಾನು ಮಾಡಿದ ದೊಡ್ಡ ಬದಲಾವಣೆ ಒಂದೇ. ಅನ್ನದ ಜಾಗವನ್ನು ಪಲ್ಯಕ್ಕೆ ಕೊಟ್ಟೆ, ಪಲ್ಯದ ಜಾಗವನ್ನು ಅನ್ನಕ್ಕೆ ಕೊಟ್ಟೆ. ತಟ್ಟೆಯ ನಡುವೆ ಪಲ್ಯ ರಾಶಿಯಾಗಿ ಇರುತ್ತದೆ, ಬದಿಯಲ್ಲಿ ಒಂದು ಸಣ್ಣ ಬಟ್ಟಲು ಅನ್ನ. ಹುಳಿ ಅದೇ, ತಿಳಿಸಾರು ಅದೇ, ಒಗ್ಗರಣೆ ಅದೇ. ಅಮೆರಿಕದ ವಿಡಿಯೊ ನೋಡಿ ಚೀಸ್ ಪಿಜ್ಜಾ, ಬಾದಾಮಿ ಬ್ರೆಡ್ ಮಾಡಲು ಹೋದ ಮೊದಲ ಎರಡು ತಿಂಗಳು ನನಗೆ ದಿನಾ ಊಟ ಬೇಸರವಾಗುತ್ತಿತ್ತು. ನಮ್ಮ ಊಟಕ್ಕೇ ವಾಪಸ್ ಬಂದ ಮೇಲೆ ಬೇಸರ ಹೋಯಿತು.

ಹೊಟ್ಟೆ ತುಂಬುವುದಿಲ್ಲ ಅಂದಿರಲ್ಲ, ಅದಕ್ಕೆ ಕಾರಣ ಪ್ರೋಟೀನ್ ಸಾಲದೇ ಇರುವುದು. ಇಲ್ಲಿ ಜರ್ಮನಿ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ಆಲ್ಡಿ, ಲಿಡ್ಲ್, ರೆವೆ, ಯಾವ ಅಂಗಡಿಗೆ ಹೋದರೂ ಮಾಗರ್‌ಕ್ವಾರ್ಕ್ ಇರುತ್ತದೆ. ಕೊಬ್ಬು ತೆಗೆದ ಹಾಲಿನಿಂದ ಮಾಡಿದ, ಗಟ್ಟಿ ಮೊಸರಿನಂಥ ಮೆತ್ತನೆಯ ಚೀಸ್ ಅದು. 500 ಗ್ರಾಂ ಡಬ್ಬಿಯಲ್ಲಿ 60 ಗ್ರಾಂ ಪ್ರೋಟೀನ್, ಕಾರ್ಬ್ 20. ಹಾಗೇ ತಿಂದರೆ ಸುಣ್ಣದ ಥರ ಇರುತ್ತದೆ, ನಿಜ. ಸ್ವಲ್ಪ ನೀರು, ಎರಡು ಚಮಚ ಗ್ರೀಕ್ ಮೊಸರು ಹಾಕಿ ಚೆನ್ನಾಗಿ ಕಡೆಯಿರಿ. ಮೇಲೆ ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆ ಕೊಡಿ. ಸೌತೆಕಾಯಿ ತುರಿದು ಹಾಕಿದರೆ ಗಟ್ಟಿ ಮೊಸರುಬಜ್ಜಿ ಆಯಿತು. ಮಜ್ಜಿಗೆಹುಳಿಗೂ ಹಾಕಬಹುದು, ಆದರೆ ಒಲೆ ಆರಿಸಿದ ಮೇಲೆ ಬೆರೆಸಿ. ಕುದಿಸಿದರೆ ಒಡೆದು ಹರಳು ಹರಳಾಗುತ್ತದೆ. ಬೆಳಗ್ಗೆ 250 ಗ್ರಾಂ ಕ್ವಾರ್ಕ್, ಪುಡಿ ಮಾಡಿದ ಅಗಸೆಬೀಜ ಎರಡು ಚಮಚ, ಒಂದು ಹಿಡಿ ರಾಸ್ಪ್‌ಬೆರಿ. ಮಧ್ಯಾಹ್ನದವರೆಗೆ ಹಸಿವು ಹತ್ತಿರ ಸುಳಿಯುವುದಿಲ್ಲ.

ಪನೀರ್ ಮನೆಯಲ್ಲೇ ಒಡೆಯಿರಿ. ತಾಜಾ ಹಾಲು ತನ್ನಿ, ಹಾ-ಮಿಲ್ಶ್ ಅಂತ ಬರೆದ, ತಿಂಗಳುಗಟ್ಟಲೆ ಕೆಡದ ಹಾಲಿನಲ್ಲಿ ಗಟ್ಟಿ ಪನೀರ್ ಆಗುವುದಿಲ್ಲ. ಚೀಸ್ ತಗೊಳ್ಳುವಾಗ ನೀವು ಶುದ್ಧ ಸಸ್ಯಾಹಾರ ನೋಡುತ್ತೀರಾದರೆ ಮಿಕ್ರೋಬಿಯೆಲೆಸ್ ಲಾಬ್ (ಪ್ರಾಣಿಯಿಂದ ತೆಗೆಯದ ಹೆಪ್ಪು) ಅಂತ ಇದೆಯಾ ಓದಿ. ಪಾರ್ಮೆಸಾನ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ. ಕೆಲವು ಸಿಹಿ ಮೊಸರು, ಪುಡ್ಡಿಂಗ್‌ಗಳಲ್ಲಿ ಜೆಲಾಟಿನ್ ಕೂಡ ಇರುತ್ತದೆ.

ಲೇಬಲ್ ವಿಷಯದಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಒಟ್ಟು ಕಾರ್ಬ್‌ನಿಂದ ನಾರನ್ನು ಕಳೆಯಿರಿ ಅಂತ ವಿಡಿಯೊಗಳಲ್ಲಿ ಹೇಳುತ್ತಾರಲ್ಲ, ಅದು ಅಮೆರಿಕದ ಲೇಬಲ್‌ಗೆ. ಯುರೋಪಿನಲ್ಲಿ ಕೋಲೆನ್‌ಹೈಡ್ರಾಟೆ ಅಂತ ಬರೆಯುವಾಗಲೇ ನಾರು ಕಳೆದಿರುತ್ತದೆ. ನಾರು ಬಾಲಾಸ್ಟ್‌ಸ್ಟೋಫೆ ಅಂತ ಬೇರೆ ಸಾಲಿನಲ್ಲಿ ಬರುತ್ತದೆ. ಬಾದಾಮಿ ಪ್ಯಾಕೆಟ್ ತೆಗೆದು ನೋಡಿ, ಕಾರ್ಬ್ 5-6 ಗ್ರಾಂ, ನಾರು ಅದರ ಎರಡರಷ್ಟು. ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಂದರೆ ಇಲ್ಲಿ ಬರೆದ ಅಂಕಿಯೇ ಕೊನೆಯ ಅಂಕಿ, ಮತ್ತೆ ಕಳೆಯಬೇಡಿ. ಓನೆ ತ್ಸುಕರ್‌ತ್ಸುಸಾಟ್ಸ್ ಅಂದರೆ ಮೇಲಿಂದ ಸಕ್ಕರೆ ಹಾಕಿಲ್ಲ ಅಂತ ಅಷ್ಟೇ, ಹಣ್ಣಿನ ರಸದ ಸಕ್ಕರೆ ಹಾಗೇ ಇರುತ್ತದೆ.

ತರಕಾರಿಗೆ ಬರೋಣ. ಕೋಲ್‌ರಾಬಿ ನೋಡಿದಿರಾ? ನಮ್ಮ ನವಿಲುಕೋಸೇ ಅದು. ಬೇಸಿಗೆಯಲ್ಲಿ ಎಲೆ ಸಮೇತ ಬರುತ್ತದೆ. ಗೆಡ್ಡೆಯನ್ನು ಹುಳಿಗೆ ಹಾಕಿ, ಎಳೆ ಎಲೆಯನ್ನು ಹೆಚ್ಚಿ ಪಲ್ಯಕ್ಕೆ ಹಾಕಿ. ಹುಳಿಯಲ್ಲಿ ಆಲೂಗಡ್ಡೆಯ ಜಾಗಕ್ಕೆ ಇದು ಸರಿಯಾಗಿ ಕೂರುತ್ತದೆ. ಏಪ್ರಿಲ್ ಮಧ್ಯದಿಂದ ಜೂನ್ 24ರವರೆಗೆ ಶ್ಪಾರ್ಗೆಲ್, ಅಂದರೆ ಆಸ್ಪರಾಗಸ್ ಕಾಲ. ಹಸಿರು ಶ್ಪಾರ್ಗೆಲ್ ತನ್ನಿ, ಸಿಪ್ಪೆ ಹೆಚ್ಚು ತೆಗೆಯಬೇಕಾಗಿಲ್ಲ. ಹುರುಳಿಕಾಯಿ ಪಲ್ಯದ ಹಾಗೆ ಕಾಯಿತುರಿ ಹಾಕಿ ಮಾಡಿ. ಮಾರ್ಚ್ ತಿಂಗಳಲ್ಲಿ ಬೇರ್‌ಲೌಖ್ ಅನ್ನುವ ಬೆಳ್ಳುಳ್ಳಿ ವಾಸನೆಯ ಸೊಪ್ಪು ಬರುತ್ತದೆ. ತುಪ್ಪದಲ್ಲಿ ಬಾಡಿಸಿ, ಕಾಯಿ, ಜೀರಿಗೆ, ಮೆಣಸು ಜೊತೆ ರುಬ್ಬಿ ಮೊಸರು ಬೆರೆಸಿದರೆ ಎಂಥಾ ತಂಬುಳಿ ಆಗುತ್ತದೆ ಗೊತ್ತಾ! ಅಂಗಡಿಯಿಂದಲೇ ತನ್ನಿ. ಕಾಡಿನಲ್ಲಿ ಕೀಳಲು ಹೋಗಬೇಡಿ, ಅದರ ಹಾಗೇ ಕಾಣುವ ವಿಷದ ಎಲೆಗಳಿವೆ. ಚಳಿಗಾಲಕ್ಕೆ ಎಲೆಕೋಸು, ಅದರ ಜಾತಿಯವೇ ಆದ ವಿರ್ಸಿಂಗ್, ಗ್ರ್ಯೂನ್‌ಕೋಲ್. ಗ್ರ್ಯೂನ್‌ಕೋಲ್ ಸ್ವಲ್ಪ ಒರಟು, ಆದರೆ ಬೇಳೆ ಜೊತೆ ಬೇಯಿಸಿ ಬಸಿದರೆ ಬಸ್ಸಾರಿಗೆ ಒಳ್ಳೆಯ ಕಟ್ಟು ಬರುತ್ತದೆ. ಫ್ರೀಜರಿನ ಪಾಲಕ್ ತಗೊಳ್ಳುವಾಗ ಬ್ಲಾಟ್‌ಶ್ಪಿನಾಟ್ ಅಂತ ಇರಲಿ. ರಾಮ್‌ಶ್ಪಿನಾಟ್ ಆದರೆ ಕೆನೆ, ಹಿಟ್ಟು ಸೇರಿರುತ್ತದೆ.

ಹೂಕೋಸಿನ ಚಿತ್ರಾನ್ನ ನನ್ನ ಮನೆಯಲ್ಲಿ ವಾರಕ್ಕೆ ಎರಡು ಸಲ. 300 ಗ್ರಾಂ ಹೂಕೋಸಿನಲ್ಲಿ ಕಾರ್ಬ್ 10 ಗ್ರಾಂ ಕೂಡ ಇಲ್ಲ. ಮೊದಲು ಹೂಕೋಸು ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ತುರಿಯಿರಿ. ಅಗಲ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ, ಎಣ್ಣೆ ಇಲ್ಲದೆ, ನಾಲ್ಕೈದು ನಿಮಿಷ ಹುರಿದು ತಟ್ಟೆಗೆ ಹರಡಿ. ಅದೇ ಬಾಣಲೆಯಲ್ಲಿ ಕಡ್ಲೆಬೀಜ, ಸಾಸಿವೆ, ಉದ್ದಿನಬೇಳೆ, ಮೆಣಸಿನಕಾಯಿ, ಅರಿಶಿನದ ಒಗ್ಗರಣೆ. ಒಲೆ ಆರಿಸಿ, ಹೂಕೋಸು ಬೆರೆಸಿ, ಕೊನೆಗೆ ಉಪ್ಪು, ನಿಂಬೆರಸ. ಉಪ್ಪು ಮೊದಲೇ ಹಾಕಿದರೆ ನೀರು ಬಿಟ್ಟು ಪೇಸ್ಟ್ ಆಗುತ್ತದೆ. ಮುಚ್ಚಳ ಮುಚ್ಚಬೇಡಿ. ತುಂಬಾ ಜನ ಹೂಕೋಸು ಅನ್ನ ಚೆನ್ನಾಗಿಲ್ಲ ಅನ್ನುವುದು ಈ ಎರಡು ಕಾರಣಕ್ಕೇ.

ರೊಟ್ಟಿ ಬದಲಿಗೆ ಏನು ಅಂತ ಮುಂದೆ ಕೇಳುತ್ತೀರಿ, ಈಗಲೇ ಹೇಳುತ್ತೇನೆ. ಪುಡಿ ಮಾಡಿದ ಬಾದಾಮಿ ಬೇರೆ, ಎಣ್ಣೆ ತೆಗೆದ ಬಾದಾಮಿ ಹಿಟ್ಟು ಬೇರೆ. ನಾನು ಗೊತ್ತಿಲ್ಲದೆ ಎಂಟ್‌ಯೋಲ್ಟ್ (ಎಣ್ಣೆ ತೆಗೆದದ್ದು) ಅಂತ ಬರೆದದ್ದನ್ನು ತಂದಿದ್ದೆ. ಅದು ನೀರನ್ನೆಲ್ಲ ಹೀರಿಕೊಂಡಿತು, ತಟ್ಟಿದ ರೊಟ್ಟಿ ಕಾವಲಿಯ ಮೇಲೆ ಮರಳಿನ ಹಾಗೆ ಉದುರಿತು. ಅದಕ್ಕಿಂತ ಎರಡು ಮೊಟ್ಟೆಗೆ ಈರುಳ್ಳಿ, ಸಬ್ಬಸಿಗೆ, ಹಸಿಮೆಣಸಿನಕಾಯಿ, ಒಂದು ಚಮಚ ಅಗಸೆ ಪುಡಿ ಹಾಕಿ ದಪ್ಪಗೆ ಹುಯ್ಯಿರಿ. ಸಬ್ಬಸಿಗೆ ಇಲ್ಲಿ ಎಲ್ಲ ಕಡೆ ಸಿಗುತ್ತದೆ, ಡಿಲ್ ಅಂತ ಕೇಳಿ. ಅಕ್ಕಿರೊಟ್ಟಿಯ ಘಮ ಮುಕ್ಕಾಲು ಬರುವುದು ಆ ಸಬ್ಬಸಿಗೆಯಿಂದಲೇ.

ಕ್ಯಾಂಟೀನಿನಲ್ಲಿ ಸಲಾಡ್ ಇಡುವ ಕಡೆ ಮೊದಲು ಹೋಗಿ. ಡಬ್ಬಿಯಲ್ಲಿ ಎರಡು ಬೇಯಿಸಿದ ಮೊಟ್ಟೆ, ಹುರಿದ ಪನೀರ್ ಅಥವಾ ಹೊಗೆ ಹಾಕಿದ ತೋಫು ಮನೆಯಿಂದ ಒಯ್ಯಿರಿ. ಡ್ರೆಸ್ಸಿಂಗ್ ಬೇಡ, ತುಂಬಾ ಸಲ ಅದರಲ್ಲಿ ಸಕ್ಕರೆ ಇರುತ್ತದೆ. ಎಣ್ಣೆ, ವಿನೆಗರ್ ಸಾಕು. ಇಲ್ಲಿ ಹುಟ್ಟುಹಬ್ಬ ಇದ್ದವರೇ ಕೇಕ್ ತಂದು ಹಂಚುತ್ತಾರೆ. ಬೇಡ ಅನ್ನಲು ನಮಗೆ ಸಂಕೋಚ, ತಂದವರಿಗೆ ನೋವಾಗುತ್ತದೇನೋ ಅಂತ. ಈಗ ಸಕ್ಕರೆ ತಿನ್ನುತ್ತಿಲ್ಲ ಅಂತ ಒಂದು ಸಲ ನೇರವಾಗಿ ಹೇಳಿ, ಯಾರೂ ಒತ್ತಾಯ ಮಾಡುವುದಿಲ್ಲ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಬೇಕರಿ ಥರದ ಕೆಲವು ಮಾತ್ರ ತೆರೆದಿರುತ್ತವೆ. ಶನಿವಾರ ಸಂಜೆಯೇ ಫ್ರಿಜ್ ತುಂಬಿಸಿಕೊಳ್ಳಿ.

ಮೊದಲ ವಾರ ತಲೆನೋವು, ಸುಸ್ತು ಬರಬಹುದು. ಕಾರ್ಬ್ ಇಳಿದಾಗ ಮೈಯಿಂದ ನೀರು, ಉಪ್ಪು ಹೆಚ್ಚು ಹೋಗುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ ಎರಡು ಲೋಟ ಕುಡಿಯಿರಿ. ಬಿಪಿ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಕೊಂಡು ಮಾಡಿ. ಒಂದು ಮೀಟರ್ ಕೊಳ್ಳಿ, ಊಟಕ್ಕೆ ಮುಂಚೆ ಮತ್ತು ಎರಡು ಗಂಟೆ ಆದ ಮೇಲೆ ನೋಡಿ. ಯಾವ ಊಟ ನಿಮಗೆ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಹತ್ತು ದಿನದಲ್ಲಿ ನಿಮಗೇ ಗೊತ್ತಾಗುತ್ತದೆ. ಎಚ್‌ಬಿಎ1ಸಿ ಮೂರು ತಿಂಗಳಿಗೆ ಮುಂಚೆ ತೆಗೆಸಬೇಡಿ, ಅದು ತೋರಿಸುವುದೇ ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಆಗ ಕೊಲೆಸ್ಟ್ರಾಲ್, ಬಿ12 ಕೂಡ ಸೇರಿಸಿ ಬರೆಸಿಕೊಳ್ಳಿ.

ಕರಿಬೇವಿಗೆ ಸ್ಟೇಷನ್ ಹತ್ತಿರದ ಶ್ರೀಲಂಕಾ ತಮಿಳರ ಅಂಗಡಿಗಳನ್ನು ವಿಚಾರಿಸಿ. ತಾಜಾ ಸೊಪ್ಪು ವಿಮಾನದಲ್ಲಿ ವಾರದ ಒಂದೆರಡು ದಿನ ಮಾತ್ರ ಬರುತ್ತದೆ, ಯಾವ ದಿನ ಅಂತ ಕೇಳಿಟ್ಟುಕೊಳ್ಳಿ. ಜಾಸ್ತಿ ತಂದು, ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಎಲೆ ಬಿಡಿಸಿ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ಕರಗಿಸದೆ ನೇರ ಬಿಸಿ ಎಣ್ಣೆಗೆ ಹಾಕಬಹುದು, ಎರಡು ಮೂರು ತಿಂಗಳು ಘಮ ಇರುತ್ತದೆ. ತಂದೆಯವರ ಮಾತ್ರೆಯ ಹೆಸರು ಸಿಕ್ಕ ಮೇಲೆ ಇಲ್ಲಿ ಹಾಕುವುದಕ್ಕೆ ಕಾಯಬೇಡಿ, ನೇರ ಅವರ ಡಾಕ್ಟರಿಗೇ ಕಳಿಸಿ.