ಹನಿ ನೀರಾವರಿ ಅರ್ಜಿ ಎರಡೂ ಕಚೇರಿಯಿಂದ ವಾಪಸ್: ಶಹಾಪುರದವರ ಪ್ರಶ್ನೆಗೆ

ಹತ್ತಿ ಬಿಟ್ಟು ಮೆಣಸಿನಕಾಯಿ ಹಾಕಿದ ಹೊಲಕ್ಕೆ ಹನಿ ನೀರಾವರಿ ಸಹಾಯಧನ ಕೇಳಿದರೆ ಕೃಷಿ, ತೋಟಗಾರಿಕೆ ಎರಡೂ ಕಚೇರಿಯವರು ಅತ್ತಿಂದಿತ್ತ ಕಳುಹಿಸುತ್ತಿದ್ದಾರೆ ಎಂದಿದ್ದೀರಿ. ಬಹುಶಃ ದಾಖಲೆಯಲ್ಲಿ ನಿಮ್ಮ ಹೊಲ ಇನ್ನೂ ಹತ್ತಿಯದೇ. ನಮ್ಮಲ್ಲಿ ಇಲಾಖೆಗಳು ಹಂಚಿಕೆಯಾಗಿರುವುದು ಬೆಳೆಯ ಲೆಕ್ಕದಲ್ಲಿ: ತೊಗರಿ, ಹತ್ತಿ, ಕಬ್ಬು ಕೃಷಿಗೆ, ಮೆಣಸಿನಕಾಯಿ, ಪಪ್ಪಾಯಿ, ನಿಂಬೆ ತೋಟಗಾರಿಕೆಗೆ. ಬೆಳೆ ಬದಲಿಸಿದ ರೈತ ನಡುವೆ ಸಿಕ್ಕಿಬೀಳುತ್ತಾನೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಎರಡೂ ಇಲಾಖೆಯ ಅರ್ಜಿ ಪಡೆಯುವಂತೆ ಮಾಡದೆ ಕೃಷಿ ಆಧುನೀಕರಣದ ಮಾತಿಗೆ ಅರ್ಥವಿಲ್ಲ. ಅದಾಗುವವರೆಗೆ ಕಾಯಬೇಡಿ.

ಮೊದಲು ಪಹಣಿ ತೆಗೆಸಿ ಬೆಳೆಯ ಕಾಲಂ ನೋಡಿ. ನನ್ನ ನಿಂಬೆ ಗಿಡ ಎದೆಯೆತ್ತರ ಬೆಳೆದ ಮೇಲೂ ಪಹಣಿಯಲ್ಲಿ ‘ತೊಗರಿ’ ಎಂದೇ ಇತ್ತು. ನಂತರ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ. ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ಏನು ನಮೂದಾಗಿದೆ ಎಂಬುದು ತಿಳಿಯುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಸಲ್ಲಿಸಿ. ಅವಧಿ ಮುಗಿದಿದ್ದರೆ ಗಿಡ, ಬದು ಎರಡೂ ಕಾಣುವ ಫೋಟೊ ಸಹಿತ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಇದಕ್ಕೆ ಹಿಡಿಯುವ ದಿನಗಳು ಊರಿಂದೂರಿಗೆ ಬೇರೆ. ನನಗೆ ಮೂರು ವಾರ ಹಿಡಿಯಿತು.

ಜೊತೆಗೆ ನಿಮ್ಮ ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆ ಸರ್ವೆ ನಂಬರ್ ಸೇರಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಎಲ್ಲವೂ ಸರಿಹೋದ ಮೇಲೆ ತಾಲ್ಲೂಕು ತೋಟಗಾರಿಕೆ ಕಚೇರಿಗೆ ಹೊಸ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಯಾದೇಶ (ಕೆಲಸ ಶುರು ಮಾಡಲು ಇಲಾಖೆ ಕೊಡುವ ಲಿಖಿತ ಆದೇಶ) ಕೈಸೇರುವ ಮುನ್ನ ಪೈಪ್ ಖರೀದಿಸಲೇಬೇಡಿ.