ನಾಯಿಯ ರಕ್ತಕ್ಕೆ ಮನುಷ್ಯರ ಅಳತೆ

ಪ್ರಶ್ನೆ: ನಮ್ಮ ಏಳು ವರ್ಷದ ಲ್ಯಾಬ್ರಡಾರ್ ದಪ್ಪವಾಗುತ್ತಿದೆ, ಬಾಲದ ಕೂದಲು ಉದುರಿದೆ. ತುರಿಕೆಗೆಂದು ಮೂರು ವಾರದಿಂದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಔಷಧ ಕೊಡುತ್ತಿದ್ದೇವೆ. ಮನುಷ್ಯರ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಟಿ4 (ಥೈರಾಯ್ಡ್ ಗ್ರಂಥಿಯ ಹಾರ್ಮೋನು) 2.1, ಟಿಎಸ್‌ಎಚ್ (ಆ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) 0.01ಕ್ಕಿಂತ ಕಡಿಮೆ ಎಂದು ಬಂತು. ಎರಡರ ಮುಂದೆಯೂ ‘ಕಡಿಮೆ’ ಎಂದು ಮುದ್ರಿಸಿದ್ದಾರೆ. ನಾನು ನುಂಗುವ ಥೈರಾಯ್ಡ್ ಮಾತ್ರೆಯನ್ನೇ ಅದಕ್ಕೂ ಕೊಡಬಹುದೇ? ಮನೆಯಲ್ಲಿರುವ ಹನ್ನೆರಡು ವರ್ಷದ ಬೆಕ್ಕಿಗೂ ಈ ಪರೀಕ್ಷೆ ಬೇಕೇ?

ಉತ್ತರ: ದಯವಿಟ್ಟು ಮಾತ್ರೆ ಕೊಡಬೇಡಿ. ವರದಿಯಲ್ಲಿರುವ ‘ಕಡಿಮೆ’ ಎಂಬ ಮಾತು ಮನುಷ್ಯರ ಲೆಕ್ಕದ್ದು. ಆರೋಗ್ಯವಂತ ಮನುಷ್ಯರಲ್ಲಿ ಟಿ4 ಡೆಸಿಲೀಟರಿಗೆ ಸುಮಾರು 5ರಿಂದ 12 ಮೈಕ್ರೋಗ್ರಾಂ ಇದ್ದರೆ ನಾಯಿಗಳಲ್ಲಿ ಸುಮಾರು 1ರಿಂದ 4 ಮಾತ್ರ. ಈ ಹಾರ್ಮೋನನ್ನು ರಕ್ತದಲ್ಲಿ ಹಿಡಿದಿಡುವ ಪ್ರೋಟೀನುಗಳ ಹಿಡಿತ ನಾಯಿಯಲ್ಲಿ ಸಡಿಲವಾಗಿರುವುದರಿಂದ, ನಮ್ಮಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಹಿಡಿಯುವ ಟಿ4 ಅದರಲ್ಲಿ ಒಂದು ದಿನದೊಳಗೇ ಅರ್ಧವಾಗುತ್ತದೆ. ನಿಮ್ಮ ನಾಯಿಯ 2.1 ಅದರ ಅಳತೆಯ ನಟ್ಟನಡುವೆಯೇ ಇದೆ. ಅದೂ ಟಿ4 ಪ್ರಮಾಣವನ್ನು ತಗ್ಗಿಸಬಲ್ಲ ಪ್ರೆಡ್ನಿಸೊಲೋನ್ ನಡೆಯುತ್ತಿರುವಾಗ!

ಟಿಎಸ್‌ಎಚ್ ಸಂಖ್ಯೆಯನ್ನಂತೂ ಬದಿಗಿಡಿ. ಟಿ4 ಅಣುವಿನ ರಚನೆ ಮನುಷ್ಯ, ನಾಯಿ, ಬೆಕ್ಕು, ದನ ಎಲ್ಲರಲ್ಲೂ ಒಂದೇ. ಟಿಎಸ್‌ಎಚ್ ಪ್ರೋಟೀನಾದ್ದರಿಂದ ಪ್ರಾಣಿಯಿಂದ ಪ್ರಾಣಿಗೆ ಬೇರೆಯಾಗುತ್ತದೆ, ಮನುಷ್ಯರಿಗೆಂದು ತಯಾರಾದ ಕಿಟ್ ನಾಯಿಯದನ್ನು ಸರಿಯಾಗಿ ಗುರುತಿಸದು. ಹಾಗಾಗಿ ನಿಮಗೆ ಬಂದ ಫಲಿತಾಂಶದ ಅರ್ಥ ಹಾರ್ಮೋನು ಇಲ್ಲವೆಂದಲ್ಲ, ಕಿಟ್ಟಿಗೆ ಅದು ಕಾಣಲಿಲ್ಲವೆಂದು. ಥೈರಾಯ್ಡ್ ಗ್ರಂಥಿ ನಿಜವಾಗಿ ಸೋತಿದ್ದರೆ ಟಿಎಸ್‌ಎಚ್ ಸಾಮಾನ್ಯವಾಗಿ ಏರುತ್ತದೆ. ಆದರೂ ರೋಗವಿರುವ ನಾಯಿಗಳಲ್ಲಿ ಸುಮಾರು ಕಾಲುಭಾಗದಲ್ಲಿ ಅದು ಏರುವುದಿಲ್ಲ.

ಪಶುವೈದ್ಯರ ಸಲಹೆಯಂತೆ ಪ್ರೆಡ್ನಿಸೊಲೋನ್ ಅನ್ನು ಹಂತಹಂತವಾಗಿ ನಿಲ್ಲಿಸಿ, ಕೆಲವು ವಾರ ಬಿಟ್ಟು, ನಾಯಿಗಳ ಟಿಎಸ್‌ಎಚ್ ಅಳೆಯುವ ಪಶು ಲ್ಯಾಬ್‌ನಲ್ಲಿ ಮತ್ತೆ ಪರೀಕ್ಷಿಸಿ. ಇಲಿಬಾಲದಂತೆ ಬೋಳಾದ ಬಾಲ ಕಂಡರೆ ಥೈರಾಯ್ಡ್ ನೆನಪಾಗುವುದು ಸಹಜವೇ. ಆದರೆ ಚರ್ಮದ ಸೋಂಕಿನಿಂದಲೂ ಕೂದಲು ಉದುರುತ್ತದೆ, ಮೊದಲು ಅದನ್ನು ನೋಡಿಸಿ. ಮುಧೋಳ ನಾಯಿ ಸಾಕಿದವರಿಗೂ ಇಲ್ಲೇ ಒಂದು ಮಾತು: ಗ್ರೇಹೌಂಡ್, ಸಲೂಕಿ ಎಂಬ ತೆಳ್ಳನೆಯ ಬೇಟೆನಾಯಿಗಳಲ್ಲಿ ಆರೋಗ್ಯವಿದ್ದರೂ ಟಿ4 ಇತರ ನಾಯಿಗಳಿಗಿಂತ ಕಡಿಮೆ ಇರುತ್ತದೆ, ಆದ್ದರಿಂದ ಅದೇ ಮೈಕಟ್ಟಿನ ಮುಧೋಳಕ್ಕೂ ಒಂದೇ ಸಂಖ್ಯೆ ನೋಡಿ ರೋಗದ ಹಣೆಪಟ್ಟಿ ಕಟ್ಟಬಾರದು.

ಬೆಕ್ಕಿನ ವಿಷಯ ತಿರುವುಮುರುವು. ವಯಸ್ಸಾದ ಬೆಕ್ಕುಗಳಲ್ಲಿ ಗ್ರಂಥಿ ಅತಿಯಾಗಿ ಕೆಲಸ ಮಾಡುವುದೇ ಹೆಚ್ಚು. ನಿಮ್ಮ ಬೆಕ್ಕು ತಟ್ಟೆ ಖಾಲಿ ಮಾಡಿ ಮತ್ತೆ ಮತ್ತೆ ಕೂಗಿ ಕೇಳುತ್ತಿದ್ದರೂ ಬೆನ್ನೆಲುಬು ಕೈಗೆ ತಾಗುವಷ್ಟು ಬಡವಾಗಿದ್ದರೆ ಟಿ4 ಮಾಡಿಸಿ. ಅದು ಸಾಮಾನ್ಯ ಮಿತಿಯ ಮೇಲಂಚಿನಲ್ಲಿ ನಿಂತರೆ ಕೆಲವು ವಾರಗಳ ನಂತರ ಇನ್ನೊಮ್ಮೆ ಮಾಡಿಸಿ.